ಮಧ್ಯಾಹ್ನವಾದರೆ ಎಕ್ಸ್‌ಪೋರ್ಟ್ ಅರ್ಧಕ್ಕೇ ಕಂಪ್ಯೂಟರ್ ಆಫ್: ಮೊದಲು ಎಸ್‌ಎಂಪಿಎಸ್ಸಾ, ಕೂಲರ್ರಾ?

ಪ್ರಶ್ನೆ: ಸರ್, ಸಿಂಧನೂರಿನಲ್ಲಿ ನಂದೊಂದು ಚಿಕ್ಕ ಸ್ಟುಡಿಯೋ. ಮದುವೆ, ಸೀಮಂತ, ಗೃಹಪ್ರವೇಶದ ಫೋಟೋ, ವಿಡಿಯೋ ಮಾಡ್ತೀನಿ. 2020ರಲ್ಲಿ ಕಟ್ಟಿಸಿದ ಕಂಪ್ಯೂಟರ್ ಇತ್ತು. ರೈಜನ್ 5 3600 ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 450 ವ್ಯಾಟಿನ ಲೋಕಲ್ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ). ಫೋರ್-ಕೆ ಕೆಲಸ ಜಾಸ್ತಿ ಆಯ್ತು ಅಂತ ಸಾಲ ಮಾಡಿ ರೈಜನ್ 7 5800ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 3060 12 ಜಿಬಿ ಕಾರ್ಡ್ ಹಾಕಿಸಿದೆ. ಪ್ರೊಸೆಸರ್ ಬಾಕ್ಸಿನಲ್ಲಿ ಅದನ್ನ ತಣ್ಣಗಿಡುವ ಕೂಲರ್ ಬರಲಿಲ್ಲ, ಹಳೇದನ್ನೇ ಕೂರಿಸಿದರು. ಕಾರ್ಡಿಗೆ ಬೇಕಾದ 8 ಪಿನ್ ವೈರು ಎಸ್‌ಎಂಪಿಎಸ್‌ನಲ್ಲಿ ಇರಲಿಲ್ಲ, ಒಂದು ಕನ್ವರ್ಟರ್ ಹಾಕಿಕೊಟ್ಟರು. ರಾತ್ರಿ ಚೆನ್ನಾಗಿ ನಡೆಯುತ್ತೆ. ಮಧ್ಯಾಹ್ನ 2 ಗಂಟೆ ಮೇಲೆ ಎಡಿಟ್ ಮಾಡಿದ ವಿಡಿಯೋನ ಫೈಲ್ ಮಾಡೋಕೆ ಎಕ್ಸ್‌ಪೋರ್ಟ್ ಕೊಟ್ಟರೆ ಪಟ್ ಅಂತ ಆಫ್. ಪ್ರೊಸೆಸರ್ 90 ಡಿಗ್ರಿ ತೋರಿಸುತ್ತೆ. ಒಬ್ಬರು 1000 ವ್ಯಾಟ್ ಹಾಕು ಅಂತಾರೆ, ಇನ್ನೊಬ್ಬರು ವಾಟರ್ ಕೂಲಿಂಗ್ ಹಾಕು ಅಂತಾರೆ, ಅಂಗಡಿಯವರು ಕ್ಯಾಬಿನೆಟ್ ಡೋರ್ ತೆಗೆದು ರೂಮ್ ಕೂಲರ್ ಮುಂದೆ ಇಡು ಅಂದರು. ದೊಡ್ಡ ಎಸ್‌ಎಂಪಿಎಸ್ ಹಾಕಿದರೆ ಕರೆಂಟ್ ಬಿಲ್ ಜಾಸ್ತಿ ಬರುತ್ತಾ? 600 ವಿಎ ಯುಪಿಎಸ್ ಇದೆ, ಸಾಕಾ? ಹಳೇ ಎಸ್‌ಎಂಪಿಎಸ್ ಅಕ್ಕನ ಮಗನ ಕಂಪ್ಯೂಟರಿಗೆ ಹಾಕಬಹುದಾ? ಈಗ ಎರಡೂ ತಗೊಳ್ಳೋಕೆ ದುಡ್ಡಿಲ್ಲ. ಒಂದೇ ತಗೊಳ್ಳೋದಾದರೆ ಯಾವುದು?

ಉತ್ತರ: ಇಷ್ಟು ವಿವರ ಬರೆದದ್ದು ಬಹಳ ಒಳ್ಳೇದಾಯ್ತು. ರಾತ್ರಿ ನಡೆಯುತ್ತೆ, ಮಧ್ಯಾಹ್ನ ನಿಲ್ಲುತ್ತೆ ಅನ್ನೋ ಆ ಒಂದು ಮಾತಿನಲ್ಲೇ ಅರ್ಧ ಉತ್ತರ ಇದೆ. ನಿಮಗಿರುವ ಭಯ ಅರ್ಥ ಆಗುತ್ತೆ. ಸಾಲ ಮಾಡಿ ತಂದ ಕಾರ್ಡ್ ಸುಟ್ಟು ಹೋಯ್ತೇನೋ, ಯುಗಾದಿ ಆದ ಮೇಲಿನ ಮದುವೆ ಸೀಸನ್ನಿನಲ್ಲೇ ಕೈಕೊಟ್ಟರೆ ಪಾರ್ಟಿಗೆ ಏನು ಹೇಳೋದು ಅಂತ. ನೀವು ಬರೆದದ್ದು ನೋಡಿದರೆ ಕಾರ್ಡಿಗೂ ಪ್ರೊಸೆಸರಿಗೂ ಏನೂ ಆದ ಹಾಗೆ ಕಾಣಲ್ಲ. ರಾತ್ರಿ ಗಂಟೆಗಟ್ಟಲೆ ಕೆಲಸ ಮಾಡುವ ಪ್ರೊಸೆಸರ್ ಹಾಳಾಗಿರಲ್ಲ.

ನಿಮ್ಮ ಮಷಿನ್ನಿನಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ, ಮತ್ತು ಒಂದು ಇನ್ನೊಂದನ್ನ ಮುಚ್ಚಿಡ್ತಿದೆ. ಅದಕ್ಕೇ ಯಾವುದನ್ನ ಮೊದಲು ಮಾಡ್ತೀರಿ ಅನ್ನೋದು ಮುಖ್ಯ. ಒಂದೇ ತಗೊಳ್ಳೋದಾದರೆ ಎಸ್‌ಎಂಪಿಎಸ್. ಕೂಲರ್ ಮೊದಲು ಹಾಕಿಸಿದರೆ ಈಗ ಮಧ್ಯಾಹ್ನ ಮಾತ್ರ ಆಫ್ ಆಗುವ ಮಷಿನ್ ರಾತ್ರಿನೂ ಆಫ್ ಆಗೋಕೆ ಶುರುವಾಗಬಹುದು. ವಿಚಿತ್ರ ಅನ್ನಿಸಬಹುದು, ಯಾಕೆ ಅಂತ ಹೇಳ್ತೀನಿ.

ಬಿಸಿಯಿಂದ ನಿಲ್ಲೋದು ಬೇರೆ, ಕರೆಂಟ್ ಸಾಲದೆ ನಿಲ್ಲೋದು ಬೇರೆ. ಪ್ರೊಸೆಸರ್ ಬಿಸಿಯಾದರೆ ಮೊದಲು ನಿಧಾನ ಆಗುತ್ತೆ. ತನ್ನ ವೇಗ ತಾನೇ ಇಳಿಸಿಕೊಂಡು ತಾಪ ಹಿಡಿತದಲ್ಲಿ ಇಟ್ಟುಕೊಳ್ಳುತ್ತೆ. 5800ಎಕ್ಸ್‌ಗೆ ಕಂಪನಿಯೇ ಕೊಟ್ಟಿರುವ ಗರಿಷ್ಠ ಮಿತಿ 90 ಡಿಗ್ರಿ. ನೀವು ನೋಡ್ತಿರೋ 90 ಅಂದರೆ ಅದು ಆ ಗೆರೆ ಮುಟ್ಟಿ ಅಲ್ಲೇ ನಿಂತಿದೆ ಅಂತ ಅರ್ಥ. 90 ಅಂದ ತಕ್ಷಣ ಚಿಪ್ಪು ಸುಟ್ಟೇ ಹೋಗುತ್ತೆ ಅನ್ನೋದು ತಪ್ಪು ತಿಳುವಳಿಕೆ. ಅಲ್ಲಿ ಕೆಲಸ ಕುಂಟುತ್ತೆ, ಎಕ್ಸ್‌ಪೋರ್ಟಿಗೆ ಹೆಚ್ಚು ಹೊತ್ತು ಹಿಡಿಯುತ್ತೆ. ಹೀಟ್‌ಸಿಂಕ್ (ಪ್ರೊಸೆಸರಿನ ಬಿಸಿ ಎಳೆಯುವ ಕೂಲರಿನ ಲೋಹದ ಭಾಗ) ಪೂರ್ತಿ ಸಡಿಲ ಆದಾಗ, ಫ್ಯಾನೇ ನಿಂತಾಗ ಮಾತ್ರ ಬಿಸಿಗೆ ಮಷಿನ್ ಆಫ್ ಆಗೋದನ್ನ ನಾನು ನೋಡಿರೋದು. ನಿಮ್ಮದು ಹಾಗಲ್ಲ. ಯಾವ ಸೂಚನೆನೂ ಇಲ್ಲದೆ, ನೀಲಿ ಪರದೆನೂ ಬರದೆ, ಲೈನ್ ಕಿತ್ತ ಹಾಗೆ ಪಟ್ ಅಂತ ಹೋಗುತ್ತೆ. ಇದು ಎಸ್‌ಎಂಪಿಎಸ್ ಕೈಚೆಲ್ಲುವ ರೀತಿ. ಆಫ್ ಆದ ಮೇಲೆ ಪವರ್ ಬಟನ್ ಒತ್ತಿದರೂ ಆನ್ ಆಗದೆ, ಹಿಂದಿನ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮಾತ್ರ ಆನ್ ಆಗ್ತಿದ್ದರೆ ಇನ್ನೂ ಅನುಮಾನವೇ ಬೇಡ.

ಈಗ ಒಂದು ಕೆಲಸ ಮಾಡಿ. ಕ್ಯಾಬಿನೆಟ್ ಡೋರ್ ತೆಗೆದು ಎಸ್‌ಎಂಪಿಎಸ್ ಮೈಮೇಲಿನ ಸ್ಟಿಕ್ಕರ್ ಓದಿ. ದಪ್ಪಕ್ಷರದಲ್ಲಿ 450 ಅಂತ ಇರೋದನ್ನ ಬಿಡಿ. ಸಣ್ಣ ಟೇಬಲ್ಲಿನಲ್ಲಿ ಪ್ಲಸ್ 12 ವೋಲ್ಟ್ ಅಂತ ಇರುತ್ತೆ, ಅದರ ಕೆಳಗೆ ಎಷ್ಟು ಆಂಪ್ ಅಂತ ನೋಡಿ. ನನ್ನ ಕೈಗೆ ಬರುವ ಇಂಥ ಲೋಕಲ್ ಎಸ್‌ಎಂಪಿಎಸ್‌ಗಳಲ್ಲಿ ಅದು 16, 18 ಇರುತ್ತೆ. 18 ಅಂತಲೇ ಹಿಡಿಯಿರಿ. 12 ವೋಲ್ಟ್ ಗುಣಿಸು 18 ಆಂಪ್ ಅಂದರೆ 216 ವ್ಯಾಟ್. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ತಮ್ಮ ಹೆಚ್ಚುಕಡಿಮೆ ಎಲ್ಲಾ ಕರೆಂಟನ್ನ ಈ 12 ವೋಲ್ಟ್ ಲೈನಿನಿಂದಲೇ ತಗೊಳ್ಳೋದು. ಉಳಿದ ವ್ಯಾಟ್ 5 ವೋಲ್ಟ್, 3.3 ವೋಲ್ಟ್ ಲೈನಿನಲ್ಲಿ ಬಿದ್ದಿರುತ್ತೆ, ಅವು ನಿಮ್ಮ ಉಪಯೋಗಕ್ಕೆ ಬರಲ್ಲ. 450 ಅಂತ ದುಡ್ಡು ಕೊಟ್ಟು ತಂದಿದ್ದು 216ರ ಮಾಲು.

ಬೇಕಾಗಿರೋದು ಎಷ್ಟು? 5800ಎಕ್ಸ್ ಬಾಕ್ಸಿನ ಮೇಲೆ 105 ವ್ಯಾಟ್ ಅಂತ ಇದ್ದರೂ ಪೂರ್ತಿ ಲೋಡಿನಲ್ಲಿ ಅದು 142 ವ್ಯಾಟ್ ತನಕ ಎಳೆಯುತ್ತೆ. ಆರ್‌ಟಿಎಕ್ಸ್ 3060ಗೆ 170. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಎರಡು ಹಾರ್ಡ್ ಡಿಸ್ಕ್, ಫ್ಯಾನುಗಳು ಸೇರಿ ಇನ್ನೊಂದು 50, 60. ಒಟ್ಟು 370ರ ಹತ್ತಿರ. ಈ ಕಾರ್ಡಿನ ಕಂಪನಿ ಎನ್‌ವಿಡಿಯಾದವರು 3060 ಹಾಕೋಕೆ ಕನಿಷ್ಠ 550 ವ್ಯಾಟಿನ ಎಸ್‌ಎಂಪಿಎಸ್ ಇರಲಿ ಅಂತ ಹೇಳೋದು ಇದಕ್ಕೇ. ಹಳೇ ಸೆಟ್ ಹೇಗೆ ನಡೀತಿತ್ತು ಅಂದರೆ, 1650 ಕಾರ್ಡ್ 75 ವ್ಯಾಟಿನದು, ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರುವ ಸ್ಲಾಟಿನಿಂದಲೇ ಅಷ್ಟೂ ಸಿಗುತ್ತೆ. 3600 ಪ್ರೊಸೆಸರ್ ಎಳೆಯೋದೂ ಕಮ್ಮಿ. ಅಷ್ಟಕ್ಕೆ 216 ಹೇಗೋ ಸಾಕಾಗಿತ್ತು.

ಹಾಗಾದರೆ ರಾತ್ರಿ ಯಾಕೆ ನಡೆಯುತ್ತೆ? ಎಕ್ಸ್‌ಪೋರ್ಟ್ ಮಾಡುವಾಗ ಕಾರ್ಡ್ ಯಾವಾಗಲೂ 170 ಎಳೆಯಲ್ಲ, ಅರ್ಧದಷ್ಟರಲ್ಲೂ ಕೆಲಸ ಮುಗಿಸುತ್ತೆ. ಹಾಗಾಗಿ ನಿಮ್ಮ ಎಸ್‌ಎಂಪಿಎಸ್ ದಿನಾ ತನ್ನ ತುದಿಯಲ್ಲೇ ನಡೀತಿದೆ. ರಾತ್ರಿ ರೂಮು 29, 30 ಡಿಗ್ರಿಗೆ ಇಳಿದಾಗ ತಡೆದುಕೊಳ್ಳುತ್ತೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನಮ್ಮ ರಾಯಚೂರು, ಬಳ್ಳಾರಿ ಕಡೆ ಹೊರಗೆ 41, 42 ಅಂದರೆ ತಗಡಿನ ಶೀಟಿನ ಕೆಳಗಿನ ಅಂಗಡಿಯಲ್ಲಿ ಎಷ್ಟಿರಬಹುದು ಯೋಚಿಸಿ. ಎಸ್‌ಎಂಪಿಎಸ್ ಕೊಡುವ ಶಕ್ತಿ ಬಿಸಿ ಏರಿದಂತೆ ಇಳಿಯುತ್ತೆ. ಅಗ್ಗದ ಮಾಲು ಬರೆದ ವ್ಯಾಟನ್ನ 25 ಡಿಗ್ರಿಯಲ್ಲಿ ಕೊಟ್ಟರೆ ಅದೇ ದೊಡ್ಡದು. ಒಳ್ಳೆ ಕಂಪನಿಯವರು 40 ಅಥವಾ 50 ಡಿಗ್ರಿಯಲ್ಲೂ ಪೂರ್ತಿ ವ್ಯಾಟ್ ಕೊಡುತ್ತೆ ಅಂತ ಬರೆದೇ ಮಾರ್ತಾರೆ. ಜೊತೆಗೆ ಮಧ್ಯಾಹ್ನ ಎಲ್ಲರ ಫ್ಯಾನು, ಎಸಿ, ರೂಮ್ ಕೂಲರ್ ಓಡುವಾಗ ಲೈನ್ ವೋಲ್ಟೇಜೂ ಕುಸಿದಿರಬಹುದು. ಬಿಸಿ, ವೋಲ್ಟೇಜ್, ಲೋಡ್ ಮೂರೂ ಒಂದೇ ಹೊತ್ತಿಗೆ ಮೇಲೆ ಬೀಳುತ್ತವೆ.

ಕೂಲರ್ ಮೊದಲು ಬೇಡ ಅಂದಿದ್ದು ಇದಕ್ಕೇ. ನಿಮ್ಮ ಹಳೇ ಕೂಲರ್ 65 ವ್ಯಾಟಿನ ಪ್ರೊಸೆಸರ್ ಜೊತೆ ಬಂದ ಚಿಕ್ಕ ಅಲ್ಯೂಮಿನಿಯಂ ಬಿಲ್ಲೆ. ಅದರ ಕೆಳಗೆ 5800ಎಕ್ಸ್ ತಾಪಕ್ಕೆ ಹೆದರಿ ವೇಗ ಇಳಿಸಿಕೊಂಡು 142ರ ಬದಲು ಬಹುಶಃ 100 ವ್ಯಾಟಿನ ಸುತ್ತ ಓಡ್ತಿದೆ. ಆ ಕುಂಟುನಡಿಗೆಯೇ ಈಗ ಎಸ್‌ಎಂಪಿಎಸ್‌ನ ಕಾಯ್ತಿರೋದು. ಒಳ್ಳೆ ಕೂಲರ್ ಕೂರಿಸಿದ ದಿನ ಪ್ರೊಸೆಸರಿಗೆ ಉಸಿರು ಬರುತ್ತೆ, 142 ವ್ಯಾಟ್ ಎಳೆಯೋಕೆ ಶುರು ಮಾಡುತ್ತೆ, ಎಸ್‌ಎಂಪಿಎಸ್ ಅಲ್ಲೇ ಕೂತುಬಿಡುತ್ತೆ. ಹೋದ ವರ್ಷ ಇದೇ ಥರ ಒಬ್ಬರು ನನ್ನ ಹತ್ತಿರ ಬಂದಿದ್ದರು. ಹೊಸ ಕೂಲರಿನಿಂದಲೇ ಮಷಿನ್ ಕೆಟ್ಟಿತು ಅಂತ ಅಂಗಡಿಯವನ ಜೊತೆ ಜಗಳ ಆಡಿ ಬಂದಿದ್ದರು. ಕೂಲರಿನ ತಪ್ಪೇನೂ ಇರಲಿಲ್ಲ.

ಎಲ್ಲಕ್ಕಿಂತ ಅವಸರದ ವಿಷಯ ಆ ಕನ್ವರ್ಟರ್. ಇದನ್ನ ಓದಿ ಮುಗಿಸುವ ಮೊದಲೇ ಹೋಗಿ ನೋಡಿದರೂ ನನಗೆ ಸಂತೋಷ. ಒಂದು 8 ಪಿನ್ ಪ್ಲಗ್ಗಿನಲ್ಲಿ 150 ವ್ಯಾಟ್ ತನಕ ಹೋಗಬಹುದು. ಅದನ್ನ ಹಾರ್ಡ್ ಡಿಸ್ಕಿಗೆ ಅಂತ ಮಾಡಿದ ತೆಳು ವೈರಿನಿಂದ ಎಳೆದರೆ ವೈರು, ಪ್ಲಗ್ಗು ಎರಡೂ ಕಾಯುತ್ತವೆ. ಸಾಟಾ ಪ್ಲಗ್ಗಿನಿಂದ (ಈಗಿನ ಹಾರ್ಡ್ ಡಿಸ್ಕಿಗೆ ಹಾಕುವ ಚಪ್ಪಟೆ ಪ್ಲಗ್ಗು) ಮಾಡಿದ ಕನ್ವರ್ಟರ್ ಆದರೆ ಇನ್ನೂ ಅಪಾಯ. ಸಾಟಾ ಪ್ಲಗ್ಗಿನ 12 ವೋಲ್ಟ್ ಪಿನ್ನುಗಳು ತಡೆಯೋದು ಒಟ್ಟು 54 ವ್ಯಾಟ್ ಮಾತ್ರ. ಮಷಿನ್ ಆಫ್ ಮಾಡಿ, ಹಿಂದಿನ ವೈರ್ ಕಿತ್ತು, ಕನ್ವರ್ಟರ್ ಸೇರುವ ಜಾಗದಲ್ಲಿ ಹಳದಿ ವೈರಿನ ಬುಡ ನೋಡಿ. ಬಿಳಿ ಪ್ಲಾಸ್ಟಿಕ್ ಬೆಲ್ಲದ ಬಣ್ಣಕ್ಕೆ ತಿರುಗಿದ್ದರೆ, ವೈರು ಬಗ್ಗಿಸಿದಾಗ ಮೆತ್ತಗಿರದೆ ಕಡ್ಡಿ ಥರ ಗಟ್ಟಿ ಆಗಿದ್ದರೆ, ಮೂಗಿಗೆ ಹಿಡಿದಾಗ ಮೀನಿನ ಥರ ಕಮಟು ವಾಸನೆ ಬಂದರೆ ಮತ್ತೆ ಆನ್ ಮಾಡಲೇಬೇಡಿ. ಚೆನ್ನಾಗಿ ಕಂಡರೂ 3060 ಬಿಚ್ಚಿಟ್ಟು, ಸದ್ಯಕ್ಕೆ ಹಳೇ 1650 ಹಾಕಿಕೊಂಡು ಕೆಲಸ ನಡೆಸಿ. ಪ್ರೀವ್ಯೂ ನಿಧಾನ ಆಗಬಹುದು, ಆಗಲಿ. ಸ್ಟುಡಿಯೋದಲ್ಲಿ ಬೆಂಕಿ ಬಿದ್ದರೆ ಹೋಗೋದು ಬರೀ ಕಾರ್ಡಲ್ಲ, ಜನರ ಮದುವೆ ಫೂಟೇಜ್. ಅದನ್ನ ಯಾವ ದುಡ್ಡೂ ವಾಪಸ್ ತರಲ್ಲ.

ಕೊಳ್ಳೋದು ಎಂಥದ್ದು? 650 ವ್ಯಾಟ್ ಸಾಕು. 370ರ ಲೋಡಿಗೆ ಅದು ಅರ್ಧಕ್ಕಿಂತ ಸ್ವಲ್ಪ ಮೇಲೆ ಓಡುತ್ತೆ, ಅಲ್ಲೇ ಎಸ್‌ಎಂಪಿಎಸ್ ತಣ್ಣಗೆ, ಸದ್ದಿಲ್ಲದೆ ಇರೋದು. ಒಳ್ಳೆ 550 ಕೂಡ ನಡೆಯುತ್ತೆ, ಆದರೆ ನಮ್ಮ ಬಿಸಿಲಿಗೆ ಸ್ವಲ್ಪ ಜಾಗ ಇರಲಿ ಅಂತ ನಾನು 650 ಹೇಳ್ತೀನಿ. ಮುಂದೆ ಆರ್‌ಟಿಎಕ್ಸ್ 4070ರ ಮಟ್ಟದ ಕಾರ್ಡ್ ತಂದರೂ ಅದಕ್ಕೆ ಕಂಪನಿ ಕೇಳೋದು 650. ನಿಮ್ಮ ಕೆಲಸಕ್ಕೆ 1000 ವ್ಯಾಟ್ ಹಾಕಿದರೆ ಕೆಡುಕಿಲ್ಲ, ಸುಮ್ನೆ ದುಡ್ಡು ದಂಡ. ಆ ದುಡ್ಡಿನಲ್ಲಿ ಕೂಲರ್ ಬರುತ್ತೆ. 80 ಪ್ಲಸ್ ಬ್ರಾಂಜ್ (ಕರೆಂಟ್ ಕಮ್ಮಿ ಪೋಲು ಮಾಡುತ್ತೆ ಅನ್ನೋ ಗುರುತು) ಇರುವ 650 ಈಗ 5, 6 ಸಾವಿರದ ಆಸುಪಾಸಿನಲ್ಲಿ ಸಿಗುತ್ತೆ, ಅಂಗಡಿಯಿಂದ ಅಂಗಡಿಗೆ ಹೆಚ್ಚುಕಮ್ಮಿ ಇರುತ್ತೆ.

ತಗೊಳ್ಳುವಾಗಲೂ ಅದೇ ಸ್ಟಿಕ್ಕರ್ ಓದಿ. ನಿಜವಾದ 650 ಆದರೆ 12 ವೋಲ್ಟ್ ಲೈನಿನಲ್ಲಿ 50 ಆಂಪಿನ ಹತ್ತಿರ ಅಥವಾ ಮೇಲೆ ಇರುತ್ತೆ. ಇನ್‌ಪುಟ್ ವೋಲ್ಟೇಜ್ ಎಷ್ಟರಿಂದ ಎಷ್ಟು ಅಂತ ನೋಡೋದನ್ನ ಬಹಳ ಜನ ಬಿಡ್ತಾರೆ. ಕೆಲವದರ ಮೇಲೆ 200ರಿಂದ 240 ವೋಲ್ಟ್ ಅಂತ ಇರುತ್ತೆ, ಕೆಲವದರ ಮೇಲೆ 100ರಿಂದ 240. ಸಂಜೆ ವೋಲ್ಟೇಜ್ 180ಕ್ಕೆ ಇಳಿಯುವ ಊರಿನಲ್ಲಿ ಇರೋರು ಎರಡನೇದನ್ನೇ ತಗೊಳ್ಳಿ, ಬೆಲೆ ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ. ಕಾರ್ಡಿಗೆ 6 ಮತ್ತು 2 ಪಿನ್ ಸೇರಿ 8 ಆಗುವ ವೈರು ನೇರ ಎಸ್‌ಎಂಪಿಎಸ್‌ನಿಂದಲೇ ಬರಬೇಕು. ಪ್ರೊಸೆಸರಿನದು 4 ಮತ್ತು 4. ನೋಡೋಕೆ ಒಂದೇ ಥರ ಕಂಡರೂ ಇವೆರಡು ಬೇರೆ, ಒತ್ತಿ ಒತ್ತಿ ಕೂರಿಸೋಕೆ ಹೋಗಬೇಡಿ. ವಾರಂಟಿ 5 ವರ್ಷ ಇರೋದು ಸಿಕ್ಕರೆ ಒಳ್ಳೇದು. ಹಿಂದೆ 115, 230 ಅಂತ ಕೆಂಪು ಸ್ವಿಚ್ ಇರುವ ಡಬ್ಬಿಗಳು ಹಳೇ ಥರದವು, ಕೈಗೆ ಎತ್ತಿದರೆ ಹಗುರ ಇರ್ತವೆ. ಅವನ್ನ ಯಾರಾದರೂ 650 ಅಂತ ಕೊಟ್ಟರೂ ಬೇಡ ಅನ್ನಿ.

ಇನ್ನೊಂದು ಮಾತು, ವೈರು ಬಿಚ್ಚಿ ಹಾಕುವಂಥ ಮಾಡ್ಯುಲರ್ ಎಸ್‌ಎಂಪಿಎಸ್ ತಂದರೆ ಅದರ ಬಾಕ್ಸಿನ ವೈರುಗಳನ್ನ ಮಾತ್ರ ಹಾಕಿ. ಬೇರೆಯದರ ವೈರು ಕೂತುಕೊಳ್ಳುತ್ತೆ, ಆದರೆ ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ ಹಾರ್ಡ್ ಡಿಸ್ಕ್ ಒಂದೇ ಕ್ಷಣದಲ್ಲಿ ಸತ್ತಿದ್ದನ್ನ ನನ್ನ ಟೇಬಲ್ ಮೇಲೆಯೇ ನೋಡಿದ್ದೀನಿ. ಮೂರು ವರ್ಷದ ಫೋಟೋ ಇದ್ದ ಡಿಸ್ಕ್ ಅದು. ಆ ಅಣ್ಣ ಏನೂ ಮಾತಾಡದೆ ಸುಮಾರು ಹೊತ್ತು ಕೂತೇ ಇದ್ದರು.

ಕರೆಂಟ್ ಬಿಲ್ ವಿಷಯ. ದೊಡ್ಡ ಎಸ್‌ಎಂಪಿಎಸ್ ಹಾಕಿದರೆ ಬಿಲ್ ಏರಲ್ಲ. 650 ಅನ್ನೋದು ಅದು ಕೊಡಬಲ್ಲ ಗರಿಷ್ಠ ಶಕ್ತಿ, ಎಳೆಯೋದು ಮಷಿನ್ನಿಗೆ ಬೇಕಾದಷ್ಟನ್ನ ಮಾತ್ರ. ದೊಡ್ಡ ಕೊಡಪಾನ ತಂದಿಟ್ಟ ಮಾತ್ರಕ್ಕೆ ಮನೆಯವರು ಜಾಸ್ತಿ ನೀರು ಕುಡಿಯಲ್ಲ ಅಲ್ವಾ, ಹಾಗೆ. ಉಳಿತಾಯವೇ ಆಗುತ್ತೆ. ಮಷಿನ್ನಿಗೆ 200 ವ್ಯಾಟ್ ಬೇಕಾದಾಗ 70 ಪರ್ಸೆಂಟ್ ದಕ್ಷತೆಯ ಹಳೇ ಡಬ್ಬಿ ಗೋಡೆಯಿಂದ 285ರಷ್ಟು ಎಳೆಯುತ್ತೆ, 85 ಪರ್ಸೆಂಟಿನ ಬ್ರಾಂಜ್ 235ರಷ್ಟು. ದಿನಕ್ಕೆ 8 ಗಂಟೆ ಓಡಿದರೆ ತಿಂಗಳಿಗೆ 12 ಯೂನಿಟ್ ವ್ಯತ್ಯಾಸ. ಆ 50 ವ್ಯಾಟ್ ಕ್ಯಾಬಿನೆಟ್ ಒಳಗೇ ಬಿಸಿಯಾಗಿ ಉಳಿಯೋದೂ ತಪ್ಪುತ್ತೆ.

ಈಗ ಕೂಲಿಂಗ್. ಒಂದು ವಿಷಯ ಗಟ್ಟಿಯಾಗಿ ತಿಳಿದಿರಲಿ. ಮಷಿನ್ ಒಳಗೆ ಹೋದ ಕರೆಂಟೆಲ್ಲಾ ಬಿಸಿಯಾಗಿ ರೂಮಿಗೇ ಬರುತ್ತೆ. ಫ್ಯಾನು, ಹೀಟ್‌ಸಿಂಕ್, ವಾಟರ್ ಕೂಲಿಂಗ್ ಯಾವುದೂ ಬಿಸಿಯನ್ನ ಮಾಯ ಮಾಡಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತವೆ. ಹಾಗಾಗಿ ಯಾವ ಕೂಲರೂ ಪ್ರೊಸೆಸರನ್ನ ರೂಮಿಗಿಂತ ತಣ್ಣಗೆ ಇಡೋಕೆ ಆಗಲ್ಲ. ಒಳ್ಳೆ ಟವರ್ ಕೂಲರ್ ಪೂರ್ತಿ ಲೋಡಿನ 5800ಎಕ್ಸನ್ನ ರೂಮಿನ ತಾಪಕ್ಕಿಂತ ಸುಮಾರು 50 ಡಿಗ್ರಿ ಮೇಲೆ ಹಿಡಿದಿಡುತ್ತೆ ಅಂದುಕೊಳ್ಳಿ. ರೂಮು 28 ಇದ್ದರೆ 78. ರೂಮು 40 ಇದ್ದರೆ ಮತ್ತೆ ಅದೇ 90. ಬೆಂಗಳೂರಿನಲ್ಲಿ ಕೂತು ವಿಡಿಯೋ ಮಾಡಿದವರ ಟೆಸ್ಟ್ ನಂಬರ್ ನಮ್ಮಲ್ಲಿ ಬರಲ್ಲ ಅನ್ನೋದು ಇದಕ್ಕೇ. ವಾಟರ್ ಕೂಲಿಂಗಿಗೂ ಇದೇ ಲೆಕ್ಕ. 240 ಎಂಎಂ ರೇಡಿಯೇಟರಿನದು ಕೆಲವು ಡಿಗ್ರಿ ಕಮ್ಮಿ ತೋರಿಸಬಹುದು, ಆದರೆ ಅದರಲ್ಲಿ ಪಂಪು ಇದೆ, ನೀರಿದೆ, ವರ್ಷ ಕಳೆದಂತೆ ನೀರು ನಿಧಾನಕ್ಕೆ ಕಮ್ಮಿ ಆಗುತ್ತೆ, ಪಂಪು ನಿಂತರೆ ಆ ದಿನದ ಕೆಲಸ ನಿಂತಿತು. ಟವರ್ ಕೂಲರಿನಲ್ಲಿ ಕೆಡೋದು ಫ್ಯಾನ್ ಒಂದೇ, ಅದು ನಮ್ಮ ಊರಲ್ಲೇ ಸಿಗುತ್ತೆ. ಕೆಲಸದ ಮಷಿನ್ನಿಗೆ ನಾನು ಟವರನ್ನೇ ಹಾಕಿಸೋದು. 120 ಎಂಎಂ ಫ್ಯಾನಿನ, ನಾಲ್ಕು ತಾಮ್ರದ ಪೈಪಿನ ಒಳ್ಳೇದು 2ರಿಂದ 3 ಸಾವಿರದೊಳಗೆ ಬರುತ್ತೆ. ತರುವ ಮುಂಚೆ ಕ್ಯಾಬಿನೆಟ್ ಅಗಲ ಅಳೆಯಿರಿ. ಇಂಥ ಕೂಲರ್ 150, 160 ಎಂಎಂ ಎತ್ತರ ಇರುತ್ತೆ, ಚಿಕ್ಕ ಕ್ಯಾಬಿನೆಟ್ಟಿನಲ್ಲಿ ಡೋರ್ ಮುಚ್ಚೋಕೆ ಆಗಲ್ಲ.

ಡೋರ್ ತೆಗೆದು ರೂಮ್ ಕೂಲರ್ ಮುಂದೆ ಇಡೋ ಸಲಹೆ ಬಗ್ಗೆ. ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ನಮ್ಮ ಒಣ ಬೇಸಿಗೆಯಲ್ಲಿ ರೂಮ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತೆ, ರೂಮು ಐದಾರು ಡಿಗ್ರಿ ಇಳಿದರೆ ಪ್ರೊಸೆಸರೂ ಐದಾರು ಡಿಗ್ರಿ ಇಳಿಯುತ್ತೆ. ಕಿಟಕಿ ತೆರೆದಿಟ್ಟು ಕೂಲರ್ ಓಡಿಸಿ, ಖಂಡಿತ. ಆದರೆ ಅದರ ಗಾಳಿ ನೇರ ಮಷಿನ್ ಮೇಲೆ ಬೀಳಬಾರದು. ಗಾಳಿಯ ಜೊತೆ ಕಣ್ಣಿಗೆ ಕಾಣದ ನೀರಿನ ಹನಿ ಬರುತ್ತೆ, ಬೋರ್ ನೀರಾದರೆ ಅದರೊಳಗಿನ ಉಪ್ಪೂ ಬರುತ್ತೆ. ಕೂಲರ್ ಜಾಲರಿ ಮೇಲೆ ಬಿಳೀ ಪದರ ಕಟ್ಟೋದನ್ನ ನೋಡಿರ್ತೀರಲ್ಲ, ಅದೇ ಪದರ ಮದರ್‌ಬೋರ್ಡ್ ಮೇಲೆ ಕೂತು, ಅದರ ಮೇಲೆ ಧೂಳು ಕೂತು, ಹಸಿ ಮಣ್ಣಿನ ಥರ ಆಗುತ್ತೆ. ಡೋರ್ ತೆರೆದಿಟ್ಟರೆ ಗಾಳಿಗೆ ದಾರಿಯೇ ಇರಲ್ಲ, ಮುಂದಿನ ಫ್ಯಾನ್ ಎಳೆದ ಗಾಳಿ ಕಾರ್ಡಿನ ಹತ್ತಿರ ಹೋಗೋ ಮೊದಲೇ ಪಕ್ಕಕ್ಕೆ ಹೋಗಿಬಿಡುತ್ತೆ. ಡೋರ್ ತೆಗೆದಾಗ ತಾಪ ಹತ್ತು ಡಿಗ್ರಿ ಇಳಿದರೆ ನಿಮ್ಮ ಕ್ಯಾಬಿನೆಟ್ ಉಸಿರಾಡ್ತಿಲ್ಲ ಅಂತ ಗೊತ್ತಾಯ್ತು, ಪರೀಕ್ಷೆಗೆ ಅಷ್ಟು ಸಾಕು. ಆಮೇಲೆ ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ ಹಾಕಿ. ಮುಂದೆ ಪೂರ್ತಿ ಗಾಜು ಇರುವ ಕ್ಯಾಬಿನೆಟ್ ಆದರೆ ಫ್ಯಾನ್ ಹಾಕಿಯೂ ಅಷ್ಟು ಪ್ರಯೋಜನ ಇಲ್ಲ, ಜಾಲರಿ ಮುಖದ್ದೇ ಬೇಕು.

ಧೂಳಿನ ಮಾತು ಬಂದರೆ ನಿಲ್ಲಿಸೋಕೆ ಆಗಲ್ಲ ನನಗೆ. ಒಮ್ಮೆ ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್ಟಿನಿಂದ ಒಂದು ಕಂಪ್ಯೂಟರ್ ಬಂತು, ಎಂಬ್ರಾಯ್ಡರಿ ಡಿಸೈನ್ ಮಾಡುವ ಮಷಿನ್ನು, ಹತ್ತು ನಿಮಿಷಕ್ಕೆ ಸುಸ್ತಾಗ್ತಿತ್ತು. ಹೀಟ್‌ಸಿಂಕಿನ ಫ್ಯಾನ್ ಬಿಚ್ಚಿದರೆ ಕೆಳಗೆ ಲೋಹ ಕಾಣಲೇ ಇಲ್ಲ. ತಿಳಿ ನೀಲಿ ಬಣ್ಣದ ದಪ್ಪ ಕಂಬಳಿ ತುಂಡು. ಡೆನಿಮ್ಮಿನ ನೂಲಿನ ಧೂಳು ತಿಂಗಳುಗಟ್ಟಲೆ ಕೂತು ಕೂತು ಹಾಗಾಗಿತ್ತು. ಚಿಮಟದಲ್ಲಿ ಒಂದು ಮೂಲೆ ಹಿಡಿದು ಎತ್ತಿದರೆ ರೊಟ್ಟಿ ಎದ್ದ ಹಾಗೆ ಇಡಿಯಾಗಿ ಎದ್ದು ಬಂತು. ಬೇರೆ ಏನೂ ಮಾಡಲಿಲ್ಲ, ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಪೇಸ್ಟ್ ಬದಲಿಸಿ ಕೊಟ್ಟೆ, ಮೊದಲಿನ ಹಾಗಾಯ್ತು. ಗಂಗಾವತಿ, ಕಾರಟಗಿ, ನಿಮ್ಮ ಸಿಂಧನೂರು ಕಡೆ ಅಕ್ಕಿ ಮಿಲ್ಲಿನ ತೌಡಿನ ಧೂಳು ಇನ್ನೊಂದು ಥರ, ನುಣ್ಣಗೆ ಒಳಗೆಲ್ಲಾ ಸೇರುತ್ತೆ. ಮುಂದಿನ ಜಾಲರಿ ವಾರಕ್ಕೊಮ್ಮೆ ಒರೆಸಿ. ಎರಡು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ, ಹಿಡಿಯುವಾಗ ಫ್ಯಾನ್ ರೆಕ್ಕೆ ಬೆರಳಿನಿಂದ ತಡೆದಿಡಿ, ಇಲ್ಲಾಂದರೆ ಗಾಳಿಗೆ ಸುತ್ತಿ ಸುತ್ತಿ ಬೇರಿಂಗ್ ಹೋಗುತ್ತೆ. ಎಸ್‌ಎಂಪಿಎಸ್‌ಗೆ ಹೊರಗಿನಿಂದ ಮಾತ್ರ ಊದಿ, ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಜೀವಕ್ಕೆ ಅಪಾಯ ಮಾಡುವಷ್ಟು ಚಾರ್ಜ್ ಉಳಿದಿರುತ್ತೆ. ಮಷಿನ್ನನ್ನ ನೆಲದಿಂದ ಒಂದು ಅಡಿ ಎತ್ತರದ ಸ್ಟೂಲ್ ಮೇಲೆ ಇಟ್ಟರೇ ಅರ್ಧ ಧೂಳು ಕಮ್ಮಿ.

ದುಡ್ಡು ಹೊಂದೋ ತನಕ ಏನು ಮಾಡೋದು? ಒಂದು ರೂಪಾಯಿ ಖರ್ಚಿಲ್ಲದ ದಾರಿ ಇದೆ. ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪುಟ) ಇಕೋ ಮೋಡ್ ಅಂತ ಇರುತ್ತೆ, ಅಲ್ಲಿ 65 ವ್ಯಾಟ್ ಆರಿಸಿ. ಆಗ ಪ್ರೊಸೆಸರ್ ಹೆಚ್ಚೆಂದರೆ 88 ವ್ಯಾಟ್ ಎಳೆಯುತ್ತೆ, 142 ಅಲ್ಲ. ವೇಗ ಅರ್ಧ ಆಗುತ್ತೆ ಅಂದುಕೊಳ್ಳಬೇಡಿ. ಕೊನೆಯ ಸ್ವಲ್ಪ ವೇಗಕ್ಕೇ ಈ ಪ್ರೊಸೆಸರುಗಳು ವಿಪರೀತ ಕರೆಂಟ್ ತಿನ್ನೋದು, ಅದನ್ನ ಬಿಟ್ಟುಕೊಟ್ಟರೆ ಎಕ್ಸ್‌ಪೋರ್ಟ್ ಕೆಲವು ನಿಮಿಷ ತಡ ಆಗುತ್ತೆ ಅಷ್ಟೇ. ಹೊಸ ಎಸ್‌ಎಂಪಿಎಸ್ ಬಂದ ಮೇಲೆ 3060 ವಾಪಸ್ ಹಾಕಿದಾಗಲೂ, ಟವರ್ ಕೂಲರ್ ಕೊಳ್ಳುವ ತನಕ ಇಕೋ ಮೋಡ್ ಹಾಗೇ ಇರಲಿ. ನಿಮ್ಮ ಹಳೇ ಕೂಲರ್ ಅಷ್ಟನ್ನ ಹೇಗೋ ತಡೆಯುತ್ತೆ. ನಿಜ ಹೇಳಬೇಕಂದರೆ ಟವರ್ ಕೂಲರ್ ಬಂದ ಮೇಲೂ ಮಾರ್ಚಿಯಿಂದ ಜೂನ್ ತನಕ ಇಕೋ ಮೋಡಿನಲ್ಲೇ ಓಡಿಸಿ ಅಂತ ನಾನು ನಮ್ಮ ಭಾಗದ ಸ್ಟುಡಿಯೋದವರಿಗೆ ಹೇಳ್ತೀನಿ. ದೊಡ್ಡ ಎಕ್ಸ್‌ಪೋರ್ಟುಗಳನ್ನ ರಾತ್ರಿ ಊಟಕ್ಕೆ ಹೋಗುವಾಗ ಹಚ್ಚಿ ಹೋಗಿ.

ಯುಪಿಎಸ್ ಬದಲಿಸಲೇಬೇಕು, ಆದರೆ ಈ ತಿಂಗಳೇ ಅಲ್ಲ. ಸಾಮಾನ್ಯ 600 ವಿಎ ಯುಪಿಎಸ್ ಕೊಡೋದು 360 ವ್ಯಾಟ್. ನಿಮ್ಮ ಮಷಿನ್ ಪೂರ್ತಿ ಓಡುವಾಗ ಗೋಡೆಯಿಂದ ಎಳೆಯೋದು 435ರ ಹತ್ತಿರ, ಮಾನಿಟರಿಗೆ ಇನ್ನೊಂದು 30. ಎಕ್ಸ್‌ಪೋರ್ಟ್ ನಡುವೆ ಕರೆಂಟ್ ಹೋದರೆ ಯುಪಿಎಸ್ ಒಂದು ಸಲ ಕೂಗಿ ಅದೂ ಆಫ್ ಆಗುತ್ತೆ. ಇಕೋ ಮೋಡಿನಲ್ಲಿ ಇದ್ದರೆ ಸದ್ಯಕ್ಕೆ ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ಸಿಗಬಹುದು. ಮುಂದೆ 1000 ಅಥವಾ 1100 ವಿಎದ್ದು ತಗೊಳ್ಳಿ, ಅದರ ಮೇಲೆ 600 ವ್ಯಾಟ್ ಅಥವಾ ಹೆಚ್ಚು ಅಂತ ಬರೆದಿರಬೇಕು. ವಿಎ ನೋಡಿ ಮೋಸ ಹೋಗಬೇಡಿ, ವ್ಯಾಟ್ ನೋಡಿ. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ ಅನ್ನೋ ವ್ಯವಸ್ಥೆ ಇರುತ್ತೆ, ಅಗ್ಗದ ಯುಪಿಎಸ್‌ನ ಒರಟು ಅಲೆಗೆ ಕೆಲವು ಹೊಂದಿಕೊಳ್ಳಲ್ಲ, ಕರೆಂಟ್ ಹೋದ ತಕ್ಷಣ ಆಫ್ ಆಗಿಬಿಡುತ್ತವೆ. ತರುವಾಗ ನಿಮ್ಮ ಮಷಿನ್ನನ್ನೇ ಅಂಗಡಿಗೆ ಒಯ್ದು, ಲೋಡ್ ಕೊಟ್ಟು, ಗೋಡೆಯ ಸ್ವಿಚ್ ಆಫ್ ಮಾಡಿ ಕಣ್ಣಾರೆ ನೋಡಿ ತನ್ನಿ.

ಅರ್ಥಿಂಗ್ ಕೂಡ ನೋಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅನ್ನುತ್ತಾ? ಅಂದರೆ ಮೂರನೇ ಪಿನ್ನಿಗೆ ಅರ್ಥ್ ಸಿಗ್ತಿಲ್ಲ. ಎಷ್ಟು ಒಳ್ಳೆ ಎಸ್‌ಎಂಪಿಎಸ್ ಹಾಕಿದರೂ ಆ ಜುಮ್ ಹೋಗಲ್ಲ, ಯಾಕಂದರೆ ಅದರೊಳಗಿನ ಫಿಲ್ಟರ್ ಕೆಪಾಸಿಟರುಗಳು ಸಣ್ಣ ಸೋರಿಕೆಯನ್ನ ಅರ್ಥಿಗೇ ಕಳಿಸೋಕೆ ಮಾಡಿರೋದು. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಸರಿ ಮಾಡಿಸಿ. ಕ್ಯಾಮೆರಾ, ಕಾರ್ಡ್ ರೀಡರ್ ಚುಚ್ಚುವ ಮಷಿನ್ ಅದು.

ಕೂಲರ್ ಬದಲಿಸುವ ದಿನ ನೀವೇ ಮಾಡ್ತೀರಾದರೆ ಒಂದು ಎಚ್ಚರಿಕೆ. ನಿಮ್ಮ ಪ್ರೊಸೆಸರಿನ ಹೊಟ್ಟೆಯ ಕೆಳಗೆ 1331 ಪಿನ್ ಇವೆ, ಒಂದೊಂದೂ ಸೂಜಿಗಿಂತ ತೆಳು. ಪೇಸ್ಟ್ ಗಟ್ಟಿಯಾಗಿ ಅಂಟಿಕೊಂಡಿದ್ದರೆ, ಕೂಲರನ್ನ ನೇರ ಮೇಲಕ್ಕೆ ಎಳೆದಾಗ ಲಾಕ್ ಹಾಕಿದ್ದರೂ ಪ್ರೊಸೆಸರ್ ಅದರ ಬುಡಕ್ಕೆ ಅಂಟಿ ಸಾಕೆಟ್ಟಿನಿಂದ ಕಿತ್ತು ಬರುತ್ತೆ, ಪಿನ್ ಬಾಗುತ್ತೆ. ಬಿಚ್ಚುವ ಮುಂಚೆ ಹತ್ತು ನಿಮಿಷ ಮಷಿನ್ ಓಡಿಸಿ, ಪೇಸ್ಟ್ ಮೆತ್ತಗಾಗಲಿ. ಆಫ್ ಮಾಡಿ, ಪ್ಲಗ್ ಕಿತ್ತು, ನಾಲ್ಕು ಸ್ಕ್ರೂ ಸಡಿಲಿಸಿ, ಎತ್ತೋಕೆ ಹೋಗದೆ ಕೂಲರನ್ನ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಹಿಡಿತ ಬಿಟ್ಟದ್ದು ಕೈಗೇ ಗೊತ್ತಾಗುತ್ತೆ, ಆಮೇಲೆ ಎತ್ತಿ. ಸ್ಕ್ರೂ ಪೂರ್ತಿ ಬಿಚ್ಚಿದಾಗ ಬೋರ್ಡಿನ ಹಿಂದಿನ ಲೋಹದ ಪ್ಲೇಟ್ ಜಾರಿ ಬೀಳುತ್ತೆ, ಗಾಬರಿ ಬೇಡ, ಹಿಂದಿನಿಂದ ಬೆರಳು ಕೊಟ್ಟು ಹಿಡಿಯಿರಿ. 2020ರಲ್ಲಿ ಕಟ್ಟಿದವರು ಆಗ ಬೋರ್ಡಿನಿಂದ ಬಿಚ್ಚಿದ ಎರಡು ಕಪ್ಪು ಪ್ಲಾಸ್ಟಿಕ್ ಪಟ್ಟಿ ಮದರ್‌ಬೋರ್ಡ್ ಬಾಕ್ಸಿನಲ್ಲಿ ಇರಬೇಕು, ಹುಡುಕಿಡಿ, ಕೆಲವು ಟವರ್ ಕೂಲರ್ ಅದರ ಮೇಲೇ ಕೂರೋದು. ಹೊಸ ಪೇಸ್ಟ್ ಒಂದು ಬಟಾಣಿ ಕಾಳಿನಷ್ಟು ಸಾಕು. ಕೂಲರಿನ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಕೀಳೋದನ್ನ ಮರೀಬೇಡಿ.

ಕೊನೆಗೆ ಅಕ್ಕನ ಮಗನ ಕಂಪ್ಯೂಟರ್. ಅವನ ಮಷಿನ್ನಿನಲ್ಲಿ ಕಾರ್ಡ್ ಇಲ್ಲದೆ ಇದ್ದರೆ ಲೆಕ್ಕದಲ್ಲಿ 216 ವ್ಯಾಟ್ ಸಾಕಾಗುತ್ತೆ. ಆದರೂ ಬೇಡ ಅಂತೀನಿ. ಐದು ವರ್ಷ ದಾಟಿದ ಡಬ್ಬಿ, ಅದರ ಕೆಪಾಸಿಟರುಗಳು ಬಿಸಿಯಲ್ಲಿ ಬಹಳ ಬೆಂದಿವೆ, ಈ ಸೀಸನ್ನಿನಲ್ಲಿ ಎಷ್ಟು ಸಲ ಮಿತಿ ಮೀರಿ ಎಳೆಸಿಕೊಂಡು ಆಫ್ ಆಗಿದೆಯೋ ಲೆಕ್ಕ ಇಲ್ಲ. ಕೆಡುವಾಗ ಅದು ಒಂದೇ ಕೆಡಲ್ಲ, ಮದರ್‌ಬೋರ್ಡನ್ನೂ ಕರ್ಕೊಂಡು ಹೋಗಬಹುದು. ಅವನ ಓದಿನ ಮಷಿನ್ ಅದು. ಹಳೇ 1650 ಕಾರ್ಡನ್ನ ಅವನಿಗೆ ಕೊಡಿ, ಬೇರೆ ವೈರು ಕೇಳದ ಮಾದರಿಯಾದರೆ ಸ್ಲಾಟಿನಿಂದಲೇ ಕರೆಂಟ್ ತಗೊಳ್ಳುತ್ತೆ. ಎಸ್‌ಎಂಪಿಎಸ್‌ನ ವೈರು ಕತ್ತರಿಸಿ ಸ್ಕ್ರ್ಯಾಪಿಗೆ ಹಾಕಿ, ಇನ್ನೊಬ್ಬರ ಮಷಿನ್ನಿಗೆ ಹೋಗಿ ಸೇರದ ಹಾಗೆ.